ಬುತ್ತಿ ಹೊತ್ತವಳು

ಹರಪನಹಳ್ಳಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ನಾನು ಹಲವು ವರ್ಷ ರೊಟ್ಟಿ ಬಡಿದೆ. ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಹಾಸ್ಟೆಲ್ಲು ಅದು. ಅವರಲ್ಲಿ ವಯಸ್ಸಾದವರೊಬ್ಬರಿದ್ದರು, ಮಂಗಳೂರು ಕಡೆಯವರು. ನಾವೆಲ್ಲ ಅವರನ್ನು ಸಿಸ್ಟರಮ್ಮ ಅನ್ನುತ್ತಿದ್ದೆವು. ಮೊಣಕಾಲು ಹಿಡಿದಿದ್ದರಿಂದ ಅವರಿಗೆ ಓಡಾಡುವ ಕೆಲಸ ಆಗುತ್ತಿರಲಿಲ್ಲ. ಮಕ್ಕಳು ಶಾಲೆಗೆ ಹೋದ ಮೇಲೆ ಒಲೆಯಿಂದ ಸ್ವಲ್ಪ ದೂರ ಸ್ಟೂಲು ಹಾಕಿಕೊಂಡು ಕೂತು ಬೈಬಲ್ಲನ್ನು ಗಟ್ಟಿಯಾಗಿ ಓದುತ್ತಿದ್ದರು. ನನಗಾಗಿ ಓದುತ್ತಿದ್ದರೋ ತಮಗಾಗಿ ಓದಿಕೊಳ್ಳುತ್ತಿದ್ದರೋ ನಾನು ಕೇಳಿದವಳಲ್ಲ. ನಮ್ಮದು ಶಿವನ ಮನೆತನ. ಅವರ ದೇವರು ನನಗೆ ಬೇಕಿರಲಿಲ್ಲ, ಅವರೂ ಕೊಡಲು ಬರಲಿಲ್ಲ. ಕಥೆ ಇದ್ದರೆ ಕಿವಿ ಕೊಡುತ್ತಿದ್ದೆ, ಉಪದೇಶ ಬಂದರೆ ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿಯುತ್ತಿದ್ದೆ.

ಒಂದು ದಿನ ಅವರು ಓದಿದ್ದು ಒಬ್ಬ ವಿಧವೆಯ ಕಥೆ. ಗುಡ್ಡದ ಮೇಲೆ ಒಂದು ಊರು. ಯಾವನೋ ಸೇನಾಪತಿ ದಂಡು ಕಟ್ಟಿಕೊಂಡು ಬಂದು ಆ ಊರಿಗೆ ನೀರು ಕೊಡುವ ಒರತೆಗಳನ್ನು ಹಿಡಿದು ಕೂತ. ಕತ್ತಿ ಎತ್ತುವ ಕೆಲಸವೇ ಇಲ್ಲ, ನೀರು ನಿಂತರೆ ಊರು ತಾನಾಗಿ ಕೆಳಗಿಳಿದು ಬರುತ್ತದೆ ಅನ್ನುವುದು ಅವನ ಲೆಕ್ಕ. ಮನೆಯ ತೊಟ್ಟಿಗಳು ಒಣಗಿದವು. ಮಕ್ಕಳು ಬೀದಿಯಲ್ಲಿ ಬಿದ್ದುಕೊಂಡವು. ಊರ ಹಿರಿಯರು, ಇನ್ನು ಸ್ವಲ್ಪ ದಿನ ನೋಡೋಣ, ಅಷ್ಟರೊಳಗೆ ದೇವರು ಕಣ್ಣು ತೆರೆಯದಿದ್ದರೆ ಶರಣಾಗೋಣ ಎಂದರು. ಆಗ ಎದ್ದವಳು ಆ ವಿಧವೆ. ಗಂಡ ಸತ್ತಾಗಿನಿಂದ ಉಟ್ಟುಕೊಂಡು ಬಂದಿದ್ದ ಬಟ್ಟೆಯನ್ನು ತೆಗೆದಿಟ್ಟಳು. ಮೈ ತೊಳೆದು, ಒಳ್ಳೆಯದನ್ನು ಉಟ್ಟು, ಬಳೆ ಇಟ್ಟುಕೊಂಡು ಸೇನಾಪತಿಯ ಡೇರೆಗೆ ಹೊರಟಳು. ಅಲ್ಲಿಯ ಅನ್ನ ಮುಟ್ಟಬಾರದೆಂದು ಹುರಿದ ಕಾಳು, ರೊಟ್ಟಿ, ಒಣಹಣ್ಣು ಚೀಲಕ್ಕೆ ತುಂಬಿಸಿ ಕೆಲಸದವಳ ಮೇಲೆ ಹೊರಿಸಿದಳು.

ನನ್ನ ಕೈ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಕಪ್ಪಾಯಿತು.

"ಏನಾಯ್ತು ಮಾರಾಯ್ತಿ, ಸೀದುಹೋಗ್ತಾ ಉಂಟು," ಎಂದರು ಸಿಸ್ಟರಮ್ಮ.

"ಬುತ್ತಿ ಕಟಗೊಂಡು ಹೋದಳಾ?"

"ಹೌದು. ಹಾಗೇ ಬರೆದಿದೆ."

"ಹೊತ್ತಾಕಿ ಹೆಸರೇನ್ರಿ?"

ಅವರು ಹಾಳೆಯ ಮೇಲೆ ಬೆರಳಾಡಿಸಿ ನೋಡಿದರು. "ಹೆಸರಿಲ್ಲ. ಕೆಲಸದವಳು ಅಂತ ಮಾತ್ರ ಉಂಟು."

"ಬಿಡ್ರಿ. ಮುಂದ ಓದ್ರಿ," ಎಂದೆ.

ಮುಂದಿನದು ಅವರು ಓದುವ ಮೊದಲೇ ನನಗೆ ಅರ್ಧ ತಿಳಿದಿತ್ತು. ಅಂಥ ಬುತ್ತಿಯನ್ನು ನಾನೂ ಒಮ್ಮೆ ಹೊತ್ತವಳು.

ನಮ್ಮೂರು ಹಗರಿಬೊಮ್ಮನಹಳ್ಳಿ ತಾಲೂಕಿನದು, ಕೋಗಳಿ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಸಿಗುತ್ತದೆ. ಸರಕಾರದವರು ಬೋರು ಹಾಕಿಸಿದ್ದರು, ಆದರೆ ಆ ನೀರು ಸವುಳು. ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ, ತಲೆಗೆ ಹಾಕಿಕೊಂಡರೆ ಕೂದಲು ನಾರಾಗುತ್ತದೆ. ಕುಡಿಯುವುದಕ್ಕೆ ಇದ್ದದ್ದು ಅಗಸಿಯ ಹೊರಗಿನ ಸೇದುವ ಬಾವಿ ಒಂದೇ. ಅಗಸಿ ಅಂದರೆ ಊರೊಳಗೆ ಬರುವ ಕಲ್ಲಿನ ಬಾಗಿಲು. ಅದನ್ನು ದಾಟಿ ನಾಲ್ಕು ಹೊಲ ನಡೆದರೆ ಬಾವಿ.

ಸಾರಾಯಿ ಪಾಕೀಟಿನಲ್ಲಿ ಬರುತ್ತಿದ್ದ ಕಾಲ ಅದು. ಬಾವಿಯ ಪಕ್ಕದ ಹೊಲದ ಯಜಮಾನ ತನ್ನ ತಗಡಿನ ಶೆಡ್ಡನ್ನು ಸಾರಾಯಿ ಅಂಗಡಿಗೆ ಬಿಟ್ಟುಕೊಟ್ಟ. ಊರಲ್ಲಿ ಅವನ ಮಾತು ನಡೆಯುತ್ತಿತ್ತು. ಮಧ್ಯಾಹ್ನದಿಂದ ಅವನೂ ಅಲ್ಲೇ ಹಗ್ಗದ ಮಂಚ, ಹೊರಸಿನ ಮೇಲೆ ಕೂತಿರುತ್ತಿದ್ದ. ಕುಡಿದವರು ಬಾವಿಕಟ್ಟೆಯ ಮೇಲೆ ಕೂರತೊಡಗಿದರು, ಅಲ್ಲೇ ಬಾಯಿ ತೊಳೆದರು, ಅಲ್ಲೇ ಕಾರಿದರು. ಹೆಂಗಸರು ಬಗ್ಗಿ ನೀರು ಸೇದುವಾಗ ಸೆರಗಿನ ಮೇಲೆ ಮಾತಾಡಿದರು. ಆ ವರ್ಷ ಮದುವೆಯಾಗಿ ಬಂದಿದ್ದ ಸೊಸೆಯೊಬ್ಬಳು ಸೇದುತ್ತಿದ್ದಾಗ ಒಬ್ಬ ಬಂದು ಹಿಂದಿನಿಂದ ಹಗ್ಗ ಹಿಡಿದು ನಿಂತ. ಅವಳು ಹಗ್ಗ ಬಿಟ್ಟು ಓಡಿ ಬಂದಳು. ಕೊಡ ಬಾವಿಯಲ್ಲಿ ಮುಳುಗಿತು. ಅವಳ ಅತ್ತೆ ಕೊಡಕ್ಕಾಗಿ ಅತ್ತಳು.

ಅಲ್ಲಿಂದ ಮುಂದೆ ಹೆಂಗಸರು ಬಾವಿಗೆ ಹೋಗುವುದನ್ನು ಬಿಟ್ಟರು. ಊರೆಲ್ಲ ಸವುಳು ನೀರು ಕುಡಿಯಿತು. ಕೂಸುಗಳಿಗೆ ಹೊಟ್ಟೆ ಕೆಟ್ಟಿತು.

ನಾನು ಕೆಲಸ ಮಾಡುತ್ತಿದ್ದ ಮನೆಯಾಕೆ ವಿಧವೆ. ನಮ್ಮವಳೇ, ಉಳ್ಳವಳು. ನನಗಿಂತ ಸ್ವಲ್ಪ ದೊಡ್ಡವಳಾದ್ದರಿಂದ ಅಕ್ಕಾರ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಗಂಡನಿಂದ ಬಂದ ಮನೆ, ಬಾವಿಗೆ ಹತ್ತಿದ ಒಂದು ಹೊಲ, ಮಗ್ಗುಲ ಮನೆಯಲ್ಲಿ ಅವಳ ಸಾವಿಗೆ ಕಾದು ಕೂತ ಮೈದುನ, ಇಷ್ಟು ಅವಳ ಆಸ್ತಿ. ನನ್ನ ಗಂಡ ಈ ಶೆಡ್ಡು ಬರುವ ಮೊದಲೇ ಬೇರೆ ಶೆಡ್ಡಿನಲ್ಲಿ ಕುಡಿದು ಸತ್ತಿದ್ದ. ಹೀಗಾಗಿ ಇಬ್ಬರಿಗೂ ಮನೆಯಲ್ಲಿ ಕೇಳುವವರಿರಲಿಲ್ಲ.

ಅಕ್ಕ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡದೆ ಬಾಯಿಗೆ ಏನೂ ಹಾಕುವವಳಲ್ಲ. ಒಂದು ದಿನ ಪೂಜೆಯ ನಡುವೆ ನನ್ನನ್ನು ಕರೆದಳು. ಅಂಗೈ ಮುಂದೆ ಚಾಚಿದಳು.

"ನೋಡಿಲ್ಲೆ. ಸವುಳು ನೀರು ಹಾಕಿ ಹಾಕಿ ಲಿಂಗದ ಮ್ಯಾಲೆ ಉಪ್ಪು ಕುಂತೈತಿ."

ಕರಿಯ ಲಿಂಗದ ಮೇಲೆ ಬೂದಿಯಂಥ ಬಿಳಿ ಕಟ್ಟಿತ್ತು. ವಿಭೂತಿಯೇನೋ ಎಂದುಕೊಂಡೆ. ಅವಳು ಬೆರಳಿನಿಂದ ಒರೆಸಿ ತೋರಿಸಿದಳು, ಹೋಗಲಿಲ್ಲ.

ಹೆಂಗಸರೆಲ್ಲ ಸೇರಿ ದೈವದವರ ಹತ್ತಿರ ಹೋದೆವು. ನಮ್ಮ ಕಡೆ ದೈವ ಅಂದರೆ ದೇವರೂ ಹೌದು, ಗುಡಿಯ ಕಟ್ಟೆಯ ಮೇಲೆ ಕೂತು ಊರ ನ್ಯಾಯ ಹೇಳುವ ಹಿರಿಯರೂ ಹೌದು. ಎರಡಕ್ಕೂ ಒಂದೇ ಮಾತು. ಕಟ್ಟೆಯ ಮೇಲಿದ್ದವರಲ್ಲಿ ಅರ್ಧ ಜನ ಆ ಶೆಡ್ಡಿಗೆ ಹೋಗುವವರು, ಇನ್ನರ್ಧ ಜನಕ್ಕೆ ಯಜಮಾನನ ಹಂಗು.

ಅವರಲ್ಲೊಬ್ಬ ಅಂದ: "ಬರೋ ಅಮಾಸಿ ತನಕ ತಡೀರಿ. ದೈವ ಐತಿ, ನೋಡಿಕೊಂತೈತಿ."

ಅಕ್ಕ ಕೇಳಿದಳು. "ಯಾವ ದೈವ ರೀ? ಗುಡಿಯಾಗ ಕುಂತಿದ್ದೋ, ಕಟ್ಟಿ ಮ್ಯಾಲೆ ಕುಂತಿದ್ದೋ?"

"ಮ್ಯಾಗಿನ ದೈವ ಯವ್ವಾ."

"ಮ್ಯಾಗಿನ ದೈವಕ್ಕ ಅಮಾಸಿ ವಾಯಿದೆ ಹಾಕಾಕ ನೀವು ಯಾರು? ಅದೇನು ನಿಮ್ಮ ಹೊಲದ ಆಳೇನು?"

ಮೈದುನ, ಗಂಡಿಲ್ಲದ ಮನಿ ಮಾತು ಹಿಂಗ ಇರ್ತೈತಿ, ಎಂದು ಪಕ್ಕದವನಿಗೆ ಕೇಳುವಷ್ಟು ಹೇಳಿದ. ನಮಗೂ ಕೇಳಿಸಿತು.

ಮರುದಿನ ಕೊಟ್ಟೂರಿನಿಂದ ಬಳೆಗಾರ ಸಾಬರ ಹೆಂಡತಿ ಬುಟ್ಟಿ ಹೊತ್ತು ಬಂದಳು. ಅಕ್ಕ ಅವಳನ್ನು ಪಡಸಾಲೆಗೆ ಕರೆದು ಕೂರಿಸಿ ಎರಡೂ ಕೈ ಮುಂದೆ ಮಾಡಿದಳು. ಬಾಗಿಲಲ್ಲಿ ನಿಂತಿದ್ದ ಓಣಿಯ ಹೆಂಗಸರು ಬಾಯಿ ಮೇಲೆ ಸೆರಗಿಟ್ಟುಕೊಂಡರು. ಬಳೆಗಾರ್ತಿ ಒಂದು ಸಲ ಅಕ್ಕನ ಮುಖ ನೋಡಿದಳು, ಅಷ್ಟೆ. ಹಸಿರು ಬಳೆಯನ್ನೇ ಆರಿಸಿದಳು.

"ಭಾಳ ವರ್ಷ ಆಗಿ ಕೈ ಗಡಸು ಆಗೈತಿ ಯವ್ವಾ. ಸ್ವಲ್ಪ ತಡಕೋ."

"ಮುಂಡೆಮಗಳಿಗೆ ಬಳಿ ಇಡಸ್ತೀಯಲ್ಲ, ನಿನಗರ ಬುದ್ಧಿ ಬ್ಯಾಡೇನು?" ಎಂದಳು ಬಾಗಿಲಲ್ಲಿದ್ದವಳೊಬ್ಬಳು.

"ಕೇಳಿದಾಕಿಗೆ ಇಡಸೋದು ನನ್ನ ಕೆಲಸ. ಯಾಕಂತ ಕೇಳೋದು ನಿಮ್ಮ ಕೆಲಸ. ಕೇಳಿಕೊಳ್ರಿ, ಆಕಿ ಇಲ್ಲೇ ಅದಾಳ," ಎಂದು ಬಳೆಗಾರ್ತಿ ಇನ್ನೊಂದು ಕೈ ಹಿಡಿದಳು.

ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಕ್ಕ ಟ್ರಂಕಿನಿಂದ ತನ್ನ ಮದುವೆಯ ಇಳಕಲ್ ಸೀರೆ ತೆಗೆದು ಉಟ್ಟಳು. ಮಡಿಕೆಯ ಗೆರೆಯಲ್ಲಿ ಬಣ್ಣ ಹೋಗಿತ್ತು. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿಪುಡಿ ಕಟ್ಟಿ ಬುತ್ತಿ ಮಾಡಿಸಿದಳು. ಗಂಟನ್ನು ನನ್ನ ತಲೆಯ ಮೇಲಿಟ್ಟಳು, ಖಾಲಿ ಕೊಡವನ್ನು ತಾನೇ ಸೊಂಟಕ್ಕಿಟ್ಟುಕೊಂಡಳು.

"ಎಲ್ಲಿಗೆ ಅಕ್ಕಾರ?"

"ನೀರಿಗೆ."

ಯಜಮಾನ ಅವಳನ್ನು ಕಂಡು ಹೊರಸಿನ ಮೇಲೆ ಎದ್ದು ಕೂತ. ತಲೆಗೆ ಕೆಂಪು ಅಂಚಿನ ಬಿಳಿ ರುಮಾಲು ಸುತ್ತುವವನು ಅವನು. ಅವನ ಅಪ್ಪ ಸತ್ತ ದಿನ ಹಿರಿಯರು ಕಟ್ಟಿದ್ದು. ಅದಿಲ್ಲದೆ ಅವನ ತಲೆ ಹೇಗಿದೆಯೆಂದು ಊರಲ್ಲಿ ಯಾರೂ ಕಂಡಿರಲಿಲ್ಲ. ನಮ್ಮ ಕಡೆ ಅವನ ವಯಸ್ಸಿನ ಗಂಡಸು ಬರಿತಲೆಯಲ್ಲಿ ಹೊರಗೆ ಬಂದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆಂದು ಲೆಕ್ಕ.

"ಬಾ ಯವ್ವಾ ಬಾ. ದಾರಿ ತಪ್ಪಿ ಬಂದಿಯೇನು?"

"ಹೊಲದ ಮಾತಾಡಾಕ ಬಂದೀನ್ರಿ. ಲಾವಣಿಗೆ ಕೊಡಬೇಕಂತ ಮಾಡೀನಿ."

ಬಾವಿಗೆ ಹತ್ತಿದ ಆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯಬೇಕೆಂದು ಅವನಿಗೆ ಹಳೆಯ ಆಸೆ. ಮುಖ ಅರಳಿತು. ಕಟ್ಟೆಯ ಮೇಲೆ ಕೂತವರನ್ನು ಬೈದು ಎಬ್ಬಿಸಿದ. ಮನೆಯಿಂದ ಊಟ ತರಿಸುತ್ತೇನೆಂದ.

"ಬುತ್ತಿ ತಂದೀನ್ರಿ."

"ಯಾಕ, ನಮ್ಮನಿ ಅನ್ನಕ್ಕ ವಿಷ ಹಾಕ್ಯಾರೇನು?"

"ಪೂಜಿ ಆಗದ ನೀರಿನ ಅಡಿಗಿ ನಾ ಉಣ್ಣಂಗಿಲ್ರಿ. ಈ ಬಾವಿ ನೀರು ಒಂದು ಬಿಂದಿಗಿ ಸೇದಿಕೊಂತೀನಿ, ಅಷ್ಟು ಸಾಕು."

ತಿಂಗಳುಗಳ ಮೇಲೆ ಅಂದು ಆ ಬಾವಿಯ ಗಾಲಿ ಹೆಂಗಸಿನ ಕೈಯಲ್ಲಿ ತಿರುಗಿತು. ಬೇವಿನ ಗಿಡದ ಕೆಳಗೆ ಕೂತು ಇಬ್ಬರೂ ಬುತ್ತಿ ಬಿಚ್ಚಿ ಉಂಡೆವು. ನಾನು ತಂಬಿಗೆ ತುಂಬ ನೀರು ಕುಡಿದೆ. ಅದರ ರುಚಿ ಮರೆತೇ ಹೋಗಿತ್ತು.

ಆ ವಾರವೆಲ್ಲ ಹೋದೆವು. ಲಾವಣಿಯ ಮಾತು ಮುಂದೆ ಬರುತ್ತಿತ್ತು, ಹಿಂದೆ ಹೋಗುತ್ತಿತ್ತು. ಬುತ್ತಿ ಹೋಗುತ್ತಿತ್ತು, ನೀರು ಬರುತ್ತಿತ್ತು. ಮೊದಲ ದಿನ ನಮ್ಮ ಗಂಟನ್ನು ಕಣ್ಣಲ್ಲೇ ಬಿಚ್ಚಿ ನೋಡಿದ ಕುಡುಕರು ಆಮೇಲೆ ನಾವು ಬಂದರೂ ಹೋದರೂ ತಿರುಗಿ ನೋಡಲಿಲ್ಲ. ಊರೊಳಗೆ ಮಾತ್ರ ಬೇರೆ ಮಾತು ಹುಟ್ಟಿತ್ತು. ಬಳೆ ಇಟ್ಟಳು, ರೇಷ್ಮೆ ಉಟ್ಟಳು, ದಿನಾ ಶೆಡ್ಡಿಗೆ ಹೋಗುತ್ತಾಳೆ. ಹೆಂಗಸರೂ ಅದನ್ನೇ ಆಡಿದರು. ಅಕ್ಕ ತಂದ ನೀರನ್ನು ಕೂಸಿಗೆಂದು ಅರ್ಧ ಚೊಂಬು ಬೇಡಿ ಒಯ್ದವರೂ ಆಡಿದರು.

ಕೊಟ್ಟೂರು ಸಂತೆಯ ದಿನ ಬಂತು. ಅಂಗಡಿಯವನು, ಕುಡಿಯುವವರು, ಎಲ್ಲರೂ ಬೆಳಿಗ್ಗೆಯೇ ಬಂಡಿ ಹತ್ತಿ ಹೋಗಿದ್ದರು. ಯಜಮಾನ ಒಬ್ಬನೇ ಉಳಿದಿದ್ದ. ಅವನೇ ಎಲ್ಲರನ್ನೂ ಕಳಿಸಿದ್ದನೆಂದು ಆಮೇಲೆ ತಿಳಿಯಿತು. ನಾವು ಹೋದಾಗ ಅವನು ಆಗಲೇ ಬೇಕಾದಷ್ಟು ಕುಡಿದಿದ್ದ.

"ಇವತ್ತು ಮಾತು ಮುಗಿಸಿಬಿಡಣ. ಒಳಗ ಬಾ," ಎಂದ.

ಅಕ್ಕ ನನ್ನ ಕಡೆ ತಿರುಗಿ, "ನೀ ಇಲ್ಲೇ ಕುಂದ್ರು. ಬುತ್ತಿ ಬಿಟ್ಟು ಎದ್ದೇಳಬ್ಯಾಡ," ಎಂದಳು.

ಒಳಗೆ ಹೋದಳು. ತಗಡಿನ ಬಾಗಿಲು ಮುಂದೆ ಬಂದು ಮುಚ್ಚಿಕೊಂಡಿತು. ಎಳೆದದ್ದು ಅವನೋ ಅವಳೋ ನನಗೆ ಕಾಣಲಿಲ್ಲ.

ನಾನು ಬೇವಿನ ಬುಡದಲ್ಲಿ ಕೂತೆ. ಅವನು ನಕ್ಕದ್ದು ಕೇಳಿಸಿತು. ಅವಳ ಮಾತು ಸಣ್ಣದಾಗಿ ಕೇಳಿಸಿತು, ಏನೆಂದು ತಿಳಿಯಲಿಲ್ಲ. ಆಮೇಲೆ ಅದೂ ಇಲ್ಲ. ಬಾವಿಕಟ್ಟೆಯ ಮೇಲಿದ್ದ ಗಿಡದ ನೆರಳು ಸರಿದು ಶೆಡ್ಡಿನ ಗೋಡೆಗೆ ಹೋಯಿತು. ಒಂದು ಸಲ ಎದ್ದು ಹೋಗಿ ಬಾಗಿಲು ತಟ್ಟಬೇಕೆನಿಸಿತು. ಬುತ್ತಿ ಬಿಟ್ಟು ಏಳಬೇಡ ಅಂದಿದ್ದಳಲ್ಲ, ಏಳಲಿಲ್ಲ.

ಬಾಗಿಲು ತೆರೆದು ಅಕ್ಕ ಬಂದಳು. ಹಿಂದೆ ಹೊರಸಿನ ಮೇಲೆ ಅವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ತಲೆ ಬೋಳಾಗಿತ್ತು, ನಡುವೆ ನಾಲ್ಕು ಕೂದಲು ಬೆವರಿಗೆ ಅಂಟಿಕೊಂಡಿದ್ದವು. ಅಕ್ಕನ ಕೈಯಲ್ಲಿ ರುಮಾಲಿತ್ತು. ನನ್ನ ಮುಂದೆ ಕೂತು ಬುತ್ತಿ ಬಿಚ್ಚಿದಳು. ಉಣ್ಣದೆ ಉಳಿದಿದ್ದ ರೊಟ್ಟಿಗಳನ್ನು ಎತ್ತಿ, ಕೆಳಗೆ ರುಮಾಲನ್ನಿಟ್ಟು, ಮೇಲೆ ರೊಟ್ಟಿ ಮುಚ್ಚಿ ಗಂಟು ಬಿಗಿದಳು. ಎರಡು ಬಳೆ ಒಡೆದಿದ್ದವು. ಮಣಿಕಟ್ಟಿನ ಮೇಲೆ ಗೀರು ಬಿದ್ದಿತ್ತು. ನಾನು ಅದನ್ನು ನೋಡಿದೆ, ಅವಳು ನಾನು ನೋಡಿದ್ದನ್ನು ನೋಡಿದಳು.

"ಹೊರು," ಎಂದಳು.

ಹೊತ್ತೆ. ಬಟ್ಟೆಯ ಭಾರ ಎಷ್ಟಿದ್ದೀತು. ಆದರೂ ಕುತ್ತಿಗೆ ಬಿಗಿದುಕೊಂಡಿತು. ಅವಳು ಅವಸರ ಮಾಡಲಿಲ್ಲ. ಮೊದಲು ಕೊಡಕ್ಕೆ ನೀರು ಸೇದಿಕೊಂಡಳು.

ಅಗಸಿಯ ಒಳಗೋಡೆಯಲ್ಲಿ ಹಿಂದೆ ಕಂದೀಲು ತೂಗುಹಾಕುತ್ತಿದ್ದ ಕಬ್ಬಿಣದ ಕೊಂಡಿಯಿದೆ. ಅಕ್ಕ ಅಗಸಿಯ ಕಲ್ಲುಕಟ್ಟೆ ಹತ್ತಿ ರುಮಾಲನ್ನು ಅದಕ್ಕೆ ಹಾಕಿ ಕೆಳಗೆ ಇಳಿಬಿಟ್ಟಳು. ಸಂತೆಯಿಂದ ಬರುವವರೆಲ್ಲ ಅದರ ಕೆಳಗೇ ಹಾದು ಬರಬೇಕು. ಹೊತ್ತು ಇಳಿಯುವಾಗ ಬಂಡಿಗಳು ಬಂದವು. ಮೊದಲ ಬಂಡಿಯವನು ಎತ್ತು ನಿಲ್ಲಿಸಿದ. ಯಾರ ರುಮಾಲೆಂದು ಯಾರೂ ಕೇಳಲಿಲ್ಲ, ಆ ಅಂಚು ಎಲ್ಲರಿಗೂ ಗೊತ್ತು.

"ಯಾರು ತಂದ್ರು ಇದನ್ನ?"

"ನಾ ತಂದೀನಿ," ಎಂದಳು ಅಕ್ಕ. "ಬೇಕಾದವರು ಬಂದು ಇಸಗೊಳ್ಳಲಿ. ಬರೋ ಮೊದಲ ಬಾವಿ ಹತ್ರದ ಅಂಗಡಿ ತಗದು ಬರಲಿ."

ಯಜಮಾನ ಬರಲಿಲ್ಲ. ಬರಿತಲೆಯಲ್ಲಿ ಅಗಸಿ ದಾಟುವಂತಿಲ್ಲ, ಅದೇ ತಲೆಗೆ ಬೇರೆ ಬಟ್ಟೆ ಸುತ್ತಿಕೊಂಡು ಆ ರುಮಾಲಿನ ಕೆಳಗೆ ಹಾದು ಬರುವಂತೆಯೂ ಇಲ್ಲ. ಶೆಡ್ಡಿನಲ್ಲೇ ಉಳಿದು ಹೇಳಿ ಕಳಿಸಿದ: ನನ್ನ ರುಮಾಲು ಆಕಿ ಕೈಗೆ ಹೆಂಗ ಹೋತಂತ ಆಕಿನ್ನ ಕೇಳ್ರಿ. ಬಾಗಿಲಾ ಮುಂದ ಮಾಡಿಕೊಂಡು ಎಷ್ಟೊತ್ತು ಕುಂತಿದ್ದಳಂತ ಆಕಿ ಆಳನ್ನ ಕೇಳ್ರಿ.

ಬಾವಿಯ ಸಲುವಾಗಿ ಅಮಾವಾಸ್ಯೆ ತನಕ ಕಾಯಲು ಹೇಳಿದ್ದ ದೈವ ಇದರ ಸಲುವಾಗಿ ಮರುದಿನ ಬೆಳಿಗ್ಗೆಯೇ ಕೂಡಿತು. ಮೈದುನ ಎಲ್ಲರಿಗಿಂತ ಮುಂದೆ ಕೂತಿದ್ದ. ಅವನು ಕೇಳುತ್ತಿದ್ದದ್ದು ಒಂದೇ. ಕೆಟ್ಟ ಹೆಂಗಸಿಗೆ ಅಣ್ಣನ ಮನೆಯಲ್ಲಿ, ಹೊಲದಲ್ಲಿ ಹಕ್ಕಿಲ್ಲ, ಊರು ಬಿಡಿಸಿರಿ ಅಂತ. ಅಕ್ಕನನ್ನು ಅವರು ಏನೂ ಕೇಳಲಿಲ್ಲ. ಕೇಳಿದರೆ ಅವಳು ಬೇರೇನು ಹೇಳಿಯಾಳು ಅಂದರು. ನನ್ನನ್ನು ಕರೆಸಿದರು.

ಹೊರಡುವಾಗ ಅಕ್ಕ ಅಂದಳು: "ಕೇಳಿದ್ದಕ್ಕ ಹೇಳು. ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ."

ಸುಳ್ಳು ಹೇಳಬೇಕೆಂದೇ ನಾನು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ನಾನೂ ಒಳಗಿದ್ದೆ, ಏನೂ ಆಗಲಿಲ್ಲ, ಅಷ್ಟು ಹೇಳಿದರೆ ಮುಗಿಯಿತು. ಆದರೆ ಕಟ್ಟೆಯ ಮುಂದೆ ನಿಂತಾಗ ತಿಳಿಯಿತು, ಅವರಿಗೆ ಬೇಕಾದದ್ದು ಇಂಥ ಒಂದು ಸುಳ್ಳೇ. ಗಿಡದ ಕೆಳಗೆ ನಾನು ಕೂತಿದ್ದನ್ನು ಹೊಲದಲ್ಲಿದ್ದ ಯಾರಾದರೂ ಕಂಡಿದ್ದರೆ ಅವಳ ಕಥೆ ಅಲ್ಲಿಗೆ ತೀರುತ್ತಿತ್ತು.

"ನೀ ಎಲ್ಲಿದ್ದಿ?"

"ಹೊರಗ. ಬೇವಿನ ಬುಡಕ್ಕ."

"ಬಾಗಿಲಾ?"

"ಮುಂದ ಆಗಿತ್ತು."

"ಒಳಗ ಏನಾತು?"

"ನೋಡಿಲ್ಲ."

ಮೈದುನ ಕೈ ತಟ್ಟಿದ. "ನೋಡಿಲ್ಲ ಅಂದ ಮ್ಯಾಲೆ ಏನೂ ಆಗಿಲ್ಲಂತ ಹೆಂಗ ಹೇಳ್ತಿ?"

"ಆಗಿಲ್ಲಂತ ನಾ ಎಲ್ಲಿ ಹೇಳೀನಿ? ಆಗೈತಿ ಅಂತನೂ ಹೇಳಿಲ್ಲ. ನೀ ನೋಡೀಯೇನು?"

ಹಿಂದೆ ಯಾರೋ ನಕ್ಕರು. ಕಟ್ಟೆಯ ಮೇಲಿನವನೊಬ್ಬ ಗದರಿಸಿದ. "ಮತ್ತ ರುಮಾಲು ಹೆಂಗ ಬಂತು?"

ಆಗ ನನಗೆ ಸಿಟ್ಟು ಬಂತು. "ಅದು ಗಂಡಸಿನ ತಲಿ ಮ್ಯಾಗಿನದ್ರಿ. ತಗೀಬೇಕಂದ್ರ ಎಷ್ಟು ಹತ್ರ ಹೋಗಬೇಕೋ ಅಷ್ಟು ಹತ್ರ ಹೋಗ್ಯಾಳ. ಇಷ್ಟು ಮಂದಿ ಗಂಡಸರು ಅದೀರಿ. ನಿಮ್ಮೊಳಗ ಒಬ್ಬರರ ಅಷ್ಟು ಹತ್ರ ಹೋಗಿದ್ರ ಆಕಿಗೆ ಹೋಗೋ ಪಾಳಿ ಬರ್ತಿರಲಿಲ್ಲ. ಮುಂದ ಆದ ಬಾಗಿಲಾ ಕೇಳ್ತೀರಿ. ಬಾವಿಗೆ ಬಾಗಿಲಾ ಇರಲಿಲ್ಲ. ಅಲ್ಲೇನು ನಡೀತಿತ್ತಂತ ಒಂದಿನ ಕೇಳಿರೇನು?"

ಮಾತು ಮುಗಿಸಿ ಹಿಂತಿರುಗಿ ನೋಡಿದರೆ ಹೆಂಗಸರು ಬಂದು ನಿಂತಿದ್ದರು, ಸೊಂಟದಲ್ಲಿ ಖಾಲಿ ಕೊಡ. ಅಕ್ಕನ ಮೇಲಿನ ಪ್ರೀತಿಗೆ ಬಂದವರಲ್ಲ ಅವರು. ಬಾವಿ ಬಿಟ್ಟುಕೊಟ್ಟರೋ ಇಲ್ಲವೋ ತಿಳಿದುಕೊಳ್ಳಲು ಬಂದವರು. ಹಗ್ಗ ಬಿಟ್ಟು ಓಡಿಬಂದಿದ್ದ ಆ ಸೊಸೆಯೂ ಇದ್ದಳು.

ಕಟ್ಟೆಯ ಮೇಲಿನ ಎಲ್ಲರಿಗಿಂತ ಹಿರಿಯ ಮುದುಕ ಕೋಲು ಊರಿ ಎದ್ದ. "ಆ ರುಮಾಲು ಇಳಸ್ರಿ. ಕೊಡಾಕ ನಾನ ಹೋಗ್ತೀನಿ. ಬರುವಾಗ ಶೆಡ್ಡಿನ ಕೀಲಿ ತರ್ತೀನಿ," ಎಂದ.

ಹೋದ, ತಂದ. ಸಾರಾಯಿ ಅಂಗಡಿ ಡಾಂಬರು ರಸ್ತೆಗೆ ಹೋಯಿತು. ಕುಡಿಯುವುದೇನೂ ನಿಲ್ಲಲಿಲ್ಲ, ಅಷ್ಟು ದೂರ ನಡೆದು ಹೋಗಿ ಕುಡಿದರು. ಬಾವಿ ಮಾತ್ರ ಹೆಂಗಸರಿಗೆ ಬಂತು.

ಆದರೆ ಅಕ್ಕನ ವಿಷಯಕ್ಕೆ ದೈವ ಏನೂ ಹೇಳಲಿಲ್ಲ. ತಪ್ಪು ಅನ್ನಲಿಲ್ಲ, ತಪ್ಪಿಲ್ಲ ಅನ್ನಲೂ ಇಲ್ಲ. ಎದ್ದು ಹೋದರು. ಮನೆ, ಹೊಲ ಅವಳ ಕೈ ಬಿಡಲಿಲ್ಲ, ಅಷ್ಟೆ. ಊರಲ್ಲಿ ಕೆಲವು ಮನೆಗಳಲ್ಲಿ ಅವಳ ಕಥೆಯನ್ನು ಹೇಳುತ್ತಾರೆ, ಕೆಲವು ಮನೆಗಳಲ್ಲಿ ಹೇಳಕೂಡದು. ಮೈದುನ ತನ್ನ ಮನೆಯವರಿಗೆ ಅವಳ ಹೊಸಿಲು ತುಳಿಯಬಾರದೆಂದು ಕಟ್ಟು ಮಾಡಿದ. ಅವನ ಹೆಂಡತಿ ದಿನಾ ಅದೇ ಬಾವಿಯ ನೀರು ಹೊತ್ತಳು.

ಹಾಸ್ಟೆಲ್ಲಿನಲ್ಲಿ ಸಿಸ್ಟರಮ್ಮ ಆ ದಿನ ಕಥೆ ಮುಗಿಸಿದರು. ಆ ವಿಧವೆ ತಂದದ್ದು ರುಮಾಲಲ್ಲ, ತಲೆಯನ್ನೇ. ಕುಡಿದು ಬಿದ್ದವನ ಕತ್ತಿಯಿಂದಲೇ ಅವನ ತಲೆ ಕತ್ತರಿಸಿ, ಕೆಲಸದವಳ ಬುತ್ತಿಚೀಲಕ್ಕೆ ಹಾಕಿ, ಇಬ್ಬರೂ ಕಾವಲಿನವರ ಮುಂದೆಯೇ ನಡೆದು ಬಂದರಂತೆ. ಆ ತಲೆಯನ್ನು ಊರ ಗೋಡೆಗೆ ನೇತುಹಾಕಿದರಂತೆ. ದಂಡು ಓಡಿಹೋಯಿತಂತೆ.

"ದೈವದ ಬಲದಿಂದ ಗೆದ್ದಳು," ಎಂದರು ಸಿಸ್ಟರಮ್ಮ.

"ದೈವ ಏನು ಮಾಡೇತ್ರಿ? ಶರಣಾಗಣ ಅಂದವರು ಅವರ ಅಲ್ಲೇನು?"

ನಾನು ಯಾವ ದೈವದ ಮಾತಾಡುತ್ತಿದ್ದೇನೆಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಾನು ನಗಲಿಲ್ಲ.

"ಒಳಗ ಅದು ನಡೆಯುವಾಗ ಬುತ್ತಿಯಾಕಿ ಎಲ್ಲಿದ್ದಳ್ರಿ?"

"ಹೊರಗೆ, ಬಾಗಿಲ ಹತ್ತಿರ. ಅಲ್ಲೇ ನಿಲ್ಲು ಅಂತ ಹೇಳಿದ್ದಳು."

"ಊರಿಗೆ ಬಂದ ಮ್ಯಾಲೆ ಆಕಿನ್ನ ಯಾರೂ ಏನೂ ಕೇಳಲಿಲ್ಲೇನು?"

ಅವರು ಹಾಳೆ ತಿರುವಿದರು, ಹಿಂದಕ್ಕೂ ತಿರುವಿದರು. "ಇಲ್ಲ. ಅವನಿಂದ ನನಗೆ ಕಳಂಕ ಬರಲಿಲ್ಲ ಅಂತ ಆ ವಿಧವೆಯೇ ಹೇಳಿದಳು. ಊರವರು ನಂಬಿದರು."

"ಒಂದು ಮಾತಿಗೆ ನಂಬಿದರಾ?"

"ನಂಬಿದರು."

"ಹಂಗಾದ್ರ ಅದು ನಮ್ಮ ಕಡಿ ಊರಲ್ಲ ಬಿಡ್ರಿ," ಎಂದೆ.

ಆಮೇಲೊಮ್ಮೆ, ಸಿಸ್ಟರಮ್ಮನ ಪಂಗಡವಲ್ಲದ, ಬೇರೆ ಸಭೆಯ ಪಾದ್ರಿಯೊಬ್ಬರು ಹಡಗಲಿಯಿಂದ ಮಗಳನ್ನು ಹಾಸ್ಟೆಲ್ಲಿಗೆ ಬಿಡಲು ಬಂದಿದ್ದರು. ಊಟಕ್ಕೆ ಕೂತಾಗ ನಾನು ಆ ಕಥೆ ಎತ್ತಿದೆ. ಅವರು ತಲೆಯಾಡಿಸಿದರು.

"ಅದು ನಮ್ಮ ಬೈಬಲ್ಲಿನಾಗ ಇಲ್ಲಮ್ಮ. ಇವರದರಾಗ ಐತಿ, ನಮ್ಮದರಾಗ ಬಿಟ್ಟಾರ."

"ಯಾಕ ಬಿಟ್ರು?"

"ಹಿರಿಯರು ಕೂತು ತೀರ್ಮಾನ ಮಾಡ್ಯಾರ. ಯಾವುದು ಇರಬೇಕು, ಯಾವುದು ಇರಬಾರದು ಅಂತ."

"ಅಂದ್ರ ಅಲ್ಲೂ ದೈವ ಕೂಡಿತ್ತು," ಎಂದು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಸಿಸ್ಟರಮ್ಮ ಇನ್ನೊಂದು ದಿನ, ಅಂದು ಓದದೆ ಬಿಟ್ಟ ಒಂದು ಮಾತಿದೆ ಎಂದು ಪುಸ್ತಕ ತಂದರು. ಆ ವಿಧವೆ ಮುದುಕಿಯಾಗುವ ತನಕ ಬದುಕಿದಳಂತೆ, ಮತ್ತೆ ಮದುವೆಯಾಗಲಿಲ್ಲವಂತೆ. ಸಾಯುವ ಮೊದಲು ತನ್ನ ಕೆಲಸದವಳನ್ನು ಬಿಡುಗಡೆ ಮಾಡಿದಳಂತೆ.

ನಮ್ಮ ಅಕ್ಕ ಮುದುಕಿಯಾಗಲಿಲ್ಲ. ಬಾವಿ ಬಂದ ಮೇಲೆ ನಾಲ್ಕಾರು ಮಳೆಗಾಲ ಕಂಡಳು. ಹೊಟ್ಟೆಯಲ್ಲಿ ಗಡ್ಡೆ ಎಂದರು. ಬಳ್ಳಾರಿಗೆ ಹೋಗಲು ಒಪ್ಪಲಿಲ್ಲ. ಹೊಲವನ್ನು ಗುಡಿಗೆ ಬರೆದುಕೊಟ್ಟಳು, ಮೈದುನನಿಗೆ ಹೋಗದಿದ್ದರೆ ಸಾಕು ಅಂತ. ತಾಮ್ರದ ಕೊಡವನ್ನು ನನ್ನ ಮುಂದಿಟ್ಟಳು.

"ನಾ ಸತ್ತ ಮ್ಯಾಲೆ ಈ ಊರಾಗ ಯಾರ ಮನಿ ಮುಸುರಿನೂ ತಿಕ್ಕಬ್ಯಾಡ. ನಿನ್ನ ಕೈಯಾಗ ರೊಟ್ಟಿ ಐತಿ. ಎಲ್ಲಿಗರ ಹೋಗು."

"ಆತು."

ಕೊಡವನ್ನು ನನ್ನ ಕಡೆ ಸರಿಸಿದಳು. ಆಮೇಲೆ ಅಂದಳು: "ಲೇ, ನೀ ಒಂದಿನನೂ ಕೇಳಲಿಲ್ಲ. ಒಳಗ ಏನಾತು ಅಂತ."

"ಇಲ್ಲ."

"ಕೇಳಿದ್ರ ಹೇಳ್ತಿದ್ದೆ."

"ಗೊತ್ತೈತಿ. ಹೇಳಿದ್ರ ನನಗ ಗೊತ್ತಾಕ್ಕಿತ್ತು. ಯಾರರ ಮತ್ತ ಗುಡಿ ಕಟ್ಟಿಗೆ ಕರೆದ್ರ ನೋಡಿಲ್ಲ ಅನ್ನಾಕ ಬಾಯಿ ಬರ್ತಿರಲಿಲ್ಲ."

ಅವಳು ನನ್ನ ಕೈ ಹಿಡಿದುಕೊಂಡಳು. ಮಣಿಕಟ್ಟಿನಲ್ಲಿ ಬಳೆ ಇರಲಿಲ್ಲ. ಮಿಕ್ಕವನ್ನು ಆ ಸಂತೆಯ ದಿನವೇ ಒಡೆದು ಹಾಕಿದ್ದಳು. ಗೀರು ಮಾತ್ರ ಬೆಳ್ಳಗೆ ಉಳಿದಿತ್ತು.

ಸತ್ತ ದಿನ ಮೈತೊಳೆಯುವ ನೀರನ್ನು ಆ ಬಾವಿಯಿಂದ ನಾನೇ ತಂದೆ. ಬಂದವರು ಬಂದರು, ಬರದವರು ಬರಲಿಲ್ಲ. ಮೈದುನನ ಹೆಂಡತಿ ಒಂದು ಕೊಡ ನೀರು ತಂದು ಹೊಸಿಲ ಹೊರಗೆ ಇಟ್ಟು, ಒಳಗೆ ಕಾಲಿಡದೆ ತಿರುಗಿ ಹೋದಳು. ಆ ನೀರನ್ನೂ ಹಾಕಿದೆ. ಮರುದಿನ ಕೊಡ ಹಿಡಿದುಕೊಂಡು ಹರಪನಹಳ್ಳಿ ಬಸ್ಸು ಹತ್ತಿದೆ.

ಇದನ್ನೆಲ್ಲ ನಾನು ಸಿಸ್ಟರಮ್ಮನಿಗೆ ಹೇಳಿದ್ದು ಆ ಬಿಡುಗಡೆಯ ಮಾತು ಓದಿದ ದಿನ. ಅವರು ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೊನೆಯ ತನಕ ಕೇಳಿದರು.

"ಆಕಿ ಬಿಡುಗಡಿ ಆದ ಮ್ಯಾಲೆ ಎಲ್ಲಿಗೆ ಹೋದಳಂತ ಬರದಾರೇನ್ರಿ?" ಎಂದು ಕೇಳಿದೆ.

"ಇಲ್ಲ, ಬರೆದಿಲ್ಲ."

ಹಿಟ್ಟು ಆರುತ್ತಿತ್ತು. ಇನ್ನೂ ಅರ್ಧದಷ್ಟು ರೊಟ್ಟಿ ಬಡಿಯುವುದಿತ್ತು. ಸಿಸ್ಟರಮ್ಮ ಎದ್ದು ಹೋಗುವವರು ಬಾಗಿಲಲ್ಲಿ ನಿಂತರು. ಅವರಿಗೂ ತಡೆಯಲಾಗಲಿಲ್ಲ.

"ನಿಜ ಹೇಳು. ಒಳಗೆ ಏನಾಯ್ತು ಅಂತ ನಿನಗೆ ಸ್ವಲ್ಪವೂ ಗೊತ್ತಿಲ್ವಾ?"

"ನಾ ಹೊರಗಿದ್ದೆ," ಎಂದು ಹಿಟ್ಟಿಗೆ ನೀರು ಹಾಕಿದೆ.